ಬರಿನಾಲಿಗೆಯವರ ಸಾಕ್ಷಿ

ಬೀದಿಯ ದೀಪಗಳೆಲ್ಲ ಒಂದೇ ಸಲ ಆರಿಹೋದಾಗ ದರ್ಜಿಯಮ್ಮ ತಮ್ಮನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ಹೊತ್ತು ಮುಳುಗಿ, ಆಕಾಶದ ಕೆಂಪೂ ಮಾಸಿ ಕತ್ತಲಾಗಿತ್ತು. ಅಂಗಿಯ ತೋಳು ಗಿಡ್ಡವಾಯಿತೆಂದು ತಕರಾರು ತೆಗೆದಿದ್ದ ಇಬ್ಬರು ಗಿರಾಕಿಗಳು ಮಾತು ನಿಲ್ಲಿಸಿದರು. ಹೊರಗೆ ಗಾಳಿ ಬೀಸಿರಲಿಲ್ಲ. ಕಂಬಗಳ ಮೇಲಿನ ಗಾಜಿನ ಬುರುಡೆಗಳು ಮಾತ್ರ ಕಣ್ಣು ಮುಚ್ಚಿದ ಹಾಗೆ ಕಪ್ಪಾಗಿದ್ದವು.

"ಅಕ್ಕಾ, ಅಜ್ಜ," ಎಂದ ತಮ್ಮ. ಅಷ್ಟೇ. ತಟ್ಟೆಯನ್ನು ಅಲ್ಲೇ ಬಿಟ್ಟು, ಚಪ್ಪಲಿಯನ್ನೂ ಮೆಟ್ಟದೆ ಗುಡ್ಡದ ಕಡೆಗೆ ಓಡಿದ.

ಆ ಊರಿನಲ್ಲಿ ದೀಪಕ್ಕೆ ಎಣ್ಣೆ ಬೇಕಿರಲಿಲ್ಲ, ನುಡಿ ಬೇಕಿತ್ತು. ಗುಡ್ಡದ ಮೇಲಿನ ನುಡಿವಂತರು ಗಾಜಿನ ಬುರುಡೆಯ ಬಾಯಿಗೆ ತುಟಿಯಿಟ್ಟು ಒಂದು ನುಡಿ ಹೇಳಿದರೆ ದೀಪ ಹತ್ತುತ್ತಿತ್ತು. ಬಾಗಿಲಿಗೆ ಹೇಳಿದರೆ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತಿತ್ತು, ಇನ್ನೊಬ್ಬ ನುಡಿವಂತ ಬಂದು ಬಿಡಿಸುವ ತನಕ ಜಗ್ಗುತ್ತಿರಲಿಲ್ಲ. ಕೆಳಗಿನ ಬೀದಿಯವರು ಬರಿನಾಲಿಗೆಯವರು. ಗಾಜು ಊದುವುದು, ಬಟ್ಟೆ ಹೊಲಿಯುವುದು, ಕಲ್ಲಿದ್ದಲು ಹೊರುವುದು ಅವರ ಪಾಲಿನದು. ನುಡಿ ರಕ್ತದಲ್ಲಿ ಬರುವಂಥದು, ಕಲಿತು ಬರುವಂಥದಲ್ಲ ಎಂದು ಗುಡ್ಡದ ಮೇಲಿನ ಕೋಟೆಯ ಕಾಯಿದೆ ಹೇಳುತ್ತಿತ್ತು. ಬರಿನಾಲಿಗೆಯವನೊಬ್ಬ ನುಡಿಯ ಗೋಜಿಗೆ ಹೋದರೆ ಅವನ ನಾಲಿಗೆ ಕತ್ತರಿಸಬೇಕೆಂದೂ ಅದೇ ಕಾಯಿದೆ ಹೇಳುತ್ತಿತ್ತು. ಬರಲಾರದ ವಿದ್ಯೆಗೆ ಇಷ್ಟು ದೊಡ್ಡ ಶಿಕ್ಷೆ ಯಾಕೆ ಎಂದು ಬೀದಿಯಲ್ಲಿ ಕೆಲವರು ಪಿಸುಗುಟ್ಟುತ್ತಿದ್ದರು. ಅಂಥ ಪಿಸುಮಾತು ಕಿವಿಗೆ ಬಿದ್ದರೆ ದರ್ಜಿಯಮ್ಮ ಹೊಲಿಗೆಯಂತ್ರದ ಚಕ್ರವನ್ನು ಜೋರಾಗಿ ತಿರುಗಿಸಿಬಿಡುವವಳು.

ನುಡಿಯಿಂದ ಹತ್ತಿದ ದೀಪ ಹಚ್ಚಿದವರ ಆರಿಸುನುಡಿಗೆ ಮಾತ್ರ ಆರುತ್ತದೆ. ಇಲ್ಲವೇ ಹಚ್ಚಿದವರು ಸತ್ತ ಗಳಿಗೆಯಲ್ಲಿ ತಾನೇ ಆರುತ್ತದೆ. ಇದು ತೊಟ್ಟಿಲ ಕೂಸಿಗೂ ಗೊತ್ತು. ಬೀದಿಯ ದೀಪಗಳನ್ನೆಲ್ಲ ಹಚ್ಚಿದ್ದು ಗಾಜಿನ ಕಾರ್ಖಾನೆಯ ಒಡೆಯ, ಎಲ್ಲರೂ ಗಾಜಿನಜ್ಜ ಎನ್ನುತ್ತಿದ್ದ ಮುದುಕ. ಹಾಗಾಗಿ ಅವನ ಸಾವಿನ ಸುದ್ದಿಯನ್ನು ಯಾರೂ ಯಾರಿಗೂ ಹೇಳಬೇಕಾಗಲಿಲ್ಲ.

ದರ್ಜಿಯಮ್ಮನಿಗೆ ಕೇಳಬೇಕಾಗಿದ್ದ ಸುದ್ದಿ ಬೇರೆ ಇತ್ತು. ಅದನ್ನು ತಂದವನು ಕಾರ್ಖಾನೆಯ ಮೇಸ್ತ್ರಿ. ಅವನೂ ಬರಿನಾಲಿಗೆಯವನೇ, ಆದರೆ ಮೇಲಿನವರ ನೆರಳಲ್ಲಿ ನಿಂತು ತಾನೂ ಎತ್ತರವಾದೆ ಅಂದುಕೊಂಡವನು.

"ನಿನ್ನ ತಮ್ಮ ಸಿಕ್ಕಿಬಿದ್ದ," ಎಂದ, ಹೊಸ್ತಿಲ ಹೊರಗೇ ನಿಂತು. "ಅಜ್ಜನ ಕೋಣೆಯಲ್ಲೇ. ಕೈ ತುಂಬಾ ರಕ್ತ. ಪಕ್ಕದಲ್ಲಿ ಅವನದೇ ಊದುಗೊಳವೆ. ಅಜ್ಜನ ಸೋದರಳಿಯ, ನಮ್ಮ ಚಿಕ್ಕೊಡೆಯರು, ಕಣ್ಣಾರೆ ನೋಡಿದ್ದಾರೆ. ನಾಳೆ ಹೊತ್ತು ಮುಳುಗೋದ್ರೊಳಗೆ ಅವನ್ನ ನೇಣಿಗೆ ಹಾಕ್ತಾರೆ. ಆಮೇಲೆ ಈ ಬೀದಿಗೆ ಬೆಂಕಿ ಇಡ್ತಾರೆ."

"ದೀಪ ಆರಿದಾಗ ಅವನು ಇಲ್ಲಿ ಊಟಕ್ಕೆ ಕೂತಿದ್ದ. ಇವರಿಬ್ಬರೂ ನೋಡಿದ್ದಾರೆ."

"ನುಡಿವಂತರ ಒಂದು ಕಣ್ಣಿನೆದುರು ನಮ್ಮಂಥವರ ನೂರು ಬಾಯಿಗೂ ಬೆಲೆಯಿಲ್ಲ. ನಿನಗೆ ಗೊತ್ತಿಲ್ವಾ ಕಾಯಿದೆ?"

ಗೊತ್ತಿತ್ತು. ತಿರುಗಿ ನೋಡಿದರೆ ಗಿರಾಕಿಗಳಿಬ್ಬರೂ ಹಿಂಬಾಗಿಲಿನಿಂದ ಜಾಗ ಖಾಲಿ ಮಾಡಿದ್ದರು. ಅವರನ್ನು ಬೈಯಲು ಅವಳಿಗೆ ಮನಸ್ಸು ಬರಲಿಲ್ಲ. ಬೇರೆಯವರ ತಮ್ಮನಾಗಿದ್ದರೆ ತಾನೂ ಹಾಗೇ ಹೋಗುತ್ತಿದ್ದಳು.

ಕಾರ್ಖಾನೆಯ ಕುಲುಮೆಗಳು ತಣ್ಣಗಾಗಿ ಒಂದು ತಿಂಗಳಾಗಿತ್ತು. ಮಕ್ಕಳನ್ನು ಕುಲುಮೆಯ ಬಾಯಿಗೆ ಹಚ್ಚಬಾರದೆಂದು ಊದುವವರೆಲ್ಲ ಗೊಳವೆ ಕೆಳಗಿಟ್ಟಿದ್ದರು, ಮುಂದೆ ನಿಂತವನು ಅವಳ ತಮ್ಮ. ಕೋಟೆಯವರು ಒಂದು ನೆಪಕ್ಕೆ ಕಾಯುತ್ತಿದ್ದರು. ಈಗ ಅದು ಸಿಕ್ಕಿತ್ತು. ತಾಯಿ ಸತ್ತಾಗ ತೆವಳುತ್ತಿದ್ದ ಕೂಸನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಕತ್ತಲಲ್ಲಿ ಗೋಡೆ ಹಿಡಿದುಕೊಂಡು ಮಹಡಿ ಹತ್ತಿದಳು.

ಮಹಡಿಯ ಬಾಡಿಗೆ ಕೋಣೆಯಲ್ಲಿದ್ದವರು ಗೊಗ್ಗರಯ್ಯ. ಹುಟ್ಟಿನಿಂದ ನುಡಿವಂತರು, ಒಂದು ಕಾಲದಲ್ಲಿ ಕೋಟೆಯ ತನಿಖೆಗಾರರು. ಗಂಟಲಿನ ಬೇನೆ ಬಂದು ದನಿ ಹೋಯಿತು, ದನಿಯ ಜೊತೆ ನುಡಿಯೂ ಹೋಯಿತು. ನುಡಿಯಿಲ್ಲದ ನುಡಿವಂತನಿಗೆ ಗುಡ್ಡದ ಮೇಲೆ ಜಾಗವಿರಲಿಲ್ಲ. ಕೆಳಗಿಳಿದು ಬಂದ ಮೇಲೆ ಬೀದಿಯ ಕಳವು, ಕಾಣೆಯಾದ ಹುಡುಗಿ, ವಿಷ ಬಿದ್ದ ಬಾವಿ ಎಲ್ಲದರ ಗುಟ್ಟು ಬಿಡಿಸಿದ್ದರು. ಆಗೆಲ್ಲ ದರ್ಜಿಯಮ್ಮ ಜೊತೆಗಿರಬೇಕಿತ್ತು. ಅವರ ಗೊಗ್ಗರು ಪಿಸುಮಾತು ಒಂದು ಮೊಳಕ್ಕಿಂತ ಆಚೆ ಹೋಗದು. ಅವರು ಅಂದದ್ದನ್ನು ಅವಳು ಗಟ್ಟಿಯಾಗಿ ಹೇಳುವವಳು.

ಅವಳ ಮಾತು ಮುಗಿಯುವ ತನಕ ಅವರು ಕಣ್ಣು ಮುಚ್ಚಿ ಕೇಳಿದರು.

"ಕೊಲೆಯಾದ ಜಾಗದಲ್ಲೇ ಒಂದು ಸಲ ವಿಚಾರಣೆ ಆಗಬೇಕು ಅಂತ ಕೇಳೋ ಹಕ್ಕು ನುಡಿವಂತನಿಗಿದೆ, ತಂಗಿ. ನಾನು ಹುಟ್ಟಿದ್ದನ್ನ ಅವರು ಅಳಿಸೋಕಾಗಲ್ಲವಲ್ಲ. ನಾಳೆ ಮಧ್ಯಾಹ್ನಕ್ಕೆ ಕೇಳ್ತೀನಿ. ಆದರೆ ನನ್ನ ಬಾಯಾಗಿ ನೀನು ನಿಲ್ಲಬೇಕು. ಕೋಟೆಯಮ್ಮನ ಎದುರಿಗೆ."

ಕೋಟೆಯಮ್ಮ ಅಂದರೆ ಊರನ್ನಾಳುತ್ತಿದ್ದ ನುಡಿವಂತೆ. ಅವಳ ಪಲ್ಲಕ್ಕಿ ಬಂದರೆ ದರ್ಜಿಯಮ್ಮ ಅಂಗಡಿಯ ಪರದೆ ಎಳೆದು ಉಸಿರು ಬಿಗಿಹಿಡಿದು ಕೂರುತ್ತಿದ್ದಳು.

"ನನ್ನ ಕೈಲಾಗಲ್ಲ ಅಯ್ಯಾ."

"ಹಾಗಾದ್ರೆ ಬೇರೆ ಯಾರು?" ಎಂದರು ಅವರು.

ಬೆಳಿಗ್ಗೆ ಇಬ್ಬರೂ ಗುಡ್ಡದ ಬುಡದ ಕಾರ್ಖಾನೆಗೆ ಹೋದರು. ಅಂಗಳದ ಒಂದು ಬದಿಗೆ ಕುಲುಮೆಮನೆ, ಇನ್ನೊಂದು ಬದಿಗೆ ಅಜ್ಜನ ಕೋಣೆ. ಕೋಣೆಗೆ ಒಂದೇ ಬಾಗಿಲು, ಜಗುಲಿಯ ಕಡೆಗೆ ಸರಳು ಹಾಕಿದ ಒಂದೇ ಕಿಟಕಿ. ಒಳಗೆ ಹಸಿರು ಜಮಖಾನದ ಮೇಲೆ ರಕ್ತ ಕಂದು ಬಣ್ಣಕ್ಕೆ ತಿರುಗಿತ್ತು. ಮೇಜಿನ ಮೇಲೆ ನೀಲಿ ಗಾಜಿನ ದೀಪವೊಂದು ಹಗಲಲ್ಲೂ ತಣ್ಣಗೆ ಉರಿಯುತ್ತಿತ್ತು. ಹೆಣವನ್ನು ಕೋಟೆಗೆ ಒಯ್ದಿದ್ದರು. ಗೊಳವೆಯನ್ನು ಮಾತ್ರ ಗೋಡೆಗೆ ಒರಗಿಸಿಟ್ಟಿದ್ದರು.

ಗೊಗ್ಗರಯ್ಯ ಗೊಳವೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅವಳಿಗೂ ನೋಡಲು ಸನ್ನೆ ಮಾಡಿದರು. ನೋಡಲು ಅವಳಿಗೆ ಇಷ್ಟವಿರಲಿಲ್ಲ, ಆದರೂ ನೋಡಿದಳು. ಬಾಯಿಟ್ಟು ಊದುವ ತುದಿಯಲ್ಲಿ ರಕ್ತವೂ ಎರಡು ಬಿಳಿಗೂದಲೂ ಅಂಟಿದ್ದವು. ಕುಲುಮೆಗೆ ಹೋಗುವ ತುದಿಯಲ್ಲಿ ಹಳೆಯ ಗಾಜು ಹಕ್ಕಳೆಯಾಗಿ ಗಟ್ಟಿಕಟ್ಟಿತ್ತು. ಆ ಹಕ್ಕಳೆಯ ಮೇಲೂ ರಕ್ತದ ಸಣ್ಣದೊಂದು ಗೆರೆ ಇತ್ತು.

"ಎರಡೂ ತುದಿಗೂ ರಕ್ತ," ಎಂದಳು.

"ಎರಡೂ ಅಜ್ಜನದೇ ಇರಬೇಕು ಅಂತೇನಿಲ್ಲ," ಎಂದರು ಅವರು.

ಗೊಳವೆಗಳನ್ನು ಇಡುತ್ತಿದ್ದ ಮೂಲೆಗೆ ಮೇಸ್ತ್ರಿಯೇ ಯಜಮಾನ. ಹಿಂದಿನ ದಿನ ಮಧ್ಯಾಹ್ನದಿಂದಲೇ ತಮ್ಮನ ಗೊಳವೆ ಕಾಣೆಯಾಗಿತ್ತೆಂದು ಅವನು ಒಪ್ಪಿಕೊಂಡ.

"ಆ ಕಡೆ ಯಾರು ಬಂದಿದ್ರು?" ಎಂದು ದರ್ಜಿಯಮ್ಮ ಕೇಳಿದಳು.

"ನಾನಿದ್ದೆ. ಅಜ್ಜನ ಮಗಳು ಬಂದಿದ್ರು, ಚಿಕ್ಕೊಡೆಯರೂ ಬಂದಿದ್ರು. ಕೆಲಸ ನಿಂತ ಮೇಲೆ ಎಲ್ಲರೂ ಬಂದು ತಣ್ಣಗಿರೋ ಕುಲುಮೆ ನೋಡಿ ಹೋಗ್ತಾರೆ, ಸತ್ತ ಮನೆಗೆ ಬಂದ ಹಾಗೆ. ನನ್ನ ಮೇಲೆ ಯಾಕೆ ಕಣ್ಣು ಬಿಡ್ತೀರಾ? ಅಜ್ಜ ಸತ್ತರೆ ನನ್ನ ಅನ್ನಕ್ಕೇ ಕಲ್ಲು."

ಅಂಗಳ ಗುಡಿಸುವ ಅಜ್ಜಿ ಕಂಬದ ಹಿಂದೆ ಮುದುಡಿ ಕೂತಿದ್ದಳು. ದರ್ಜಿಯಮ್ಮ ಪಕ್ಕದಲ್ಲಿ ಕೂತು ಬೆನ್ನು ಸವರಿದ ಮೇಲೆ ಬಾಯಿ ಬಿಟ್ಟಳು.

"ದೀಪ ಹೋದಾಗ ಇಲ್ಲೇ ಇದ್ದೆ ಕಣವ್ವ. ಅಂಗಳ ಗವ್ವಂತ ಕತ್ತಲಾಯ್ತು. ಬೀದಿಯೆಲ್ಲ ಕತ್ತಲು. ಅಜ್ಜನಿಗೆ ಏನೋ ಆಯ್ತು ಅಂತ ಎದೆ ಧಸಕ್ಕಂತು. ತಿರುಗಿ ನೋಡಿದ್ರೆ ಅಜ್ಜನ ಕಿಟಕೀಲಿ ಮಾತ್ರ ಬೆಳಕಿತ್ತು. ಸದ್ಯ, ಏನೂ ಆಗಿಲ್ಲ ಅಂದ್ಕೊಂಡೆ. ಸ್ವಲ್ಪ ಹೊತ್ತಿಗೆ ನಿನ್ನ ತಮ್ಮ ಓಡಿ ಬಂದ. ಅವನ ಹಿಂದೇನೇ ಚಿಕ್ಕೊಡೆಯರು ಕಾವಲಿನವರನ್ನ ಕೂಗಿದ್ರು."

"ಅಜ್ಜನ ಜೊತೆ ಯಾರಾದ್ರೂ ಜಗಳ ಆಡಿದ್ರಾ?"

ಅಜ್ಜಿ ಸುತ್ತ ನೋಡಿ ದನಿ ಇಳಿಸಿದಳು. "ಮೊನ್ನೆ ಮಗಳು ಕೂಗಾಡಿದ್ರು. ಈ ಕೆಲಸ ನಿಮ್ಮ ಪ್ರಾಣ ತೆಗೆಯುತ್ತೆ ಅಂದ್ರು. ಯಾವ ಕೆಲಸ ಅಂತ ನಂಗೊತ್ತಿಲ್ಲಪ್ಪ."

ಅಜ್ಜನ ಮಗಳು ಬಾಗಿಲು ತೆರೆದವಳೇ, ತನಗೇನೂ ಗೊತ್ತಿಲ್ಲವೆಂದು ಮುಚ್ಚಿಕೊಂಡಳು. ಅತ್ತು ಕಣ್ಣು ಊದಿತ್ತು. ಆದರೆ ದರ್ಜಿಯಮ್ಮನಿಗೆ ಕಂಡದ್ದು ದುಃಖಕ್ಕಿಂತ ಹೆಚ್ಚಾಗಿ ಹೆದರಿಕೆ. ಹೆದರಿಕೆಯ ಬಣ್ಣ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಚಿಕ್ಕೊಡೆಯ ಮಾತ್ರ ಹದವಾಗಿ ಮಾತಾಡಿಸಿದ. ನೀಟಾದ ಕಪ್ಪು ಕೋಟು, ಕಪ್ಪು ಕೈಗವಸು. ಎಡಗೈಯಲ್ಲಿ ಲೋಟ ಎತ್ತಿ ನೀರು ಕುಡಿಯುತ್ತ, ತಾನು ಕಂಡದ್ದನ್ನು ಒಂದಕ್ಷರ ತಪ್ಪದಂತೆ ಹೇಳಿದ. ನಿನ್ನೆಯೂ ಅದನ್ನೇ ಹೇಳಿದ್ದನಂತೆ.

ಕಾವಲುಕಟ್ಟೆಯ ಕತ್ತಲ ಕೋಣೆಯಲ್ಲಿ ತಮ್ಮ ಗೋಡೆಗೆ ಒರಗಿ ಕೂತಿದ್ದ. ತುಟಿ ಒಡೆದಿತ್ತು. ಗೊಗ್ಗರಯ್ಯ ಮೊದಲು ಅವನ ಅಂಗೈಗಳನ್ನು ಬೆಳಕಿಗೆ ಹಿಡಿದು ನೋಡಿದರು. ಊದುವವರ ಗಟ್ಟಿ ಅಂಗೈ. ಹೊಸ ಗಾಯ ಒಂದೂ ಇರಲಿಲ್ಲ.

"ಬಾಗಿಲು ತೆರೆದಿತ್ತಾ?" ಎಂದು ಕೇಳಿದರು.

ತಮ್ಮ ಅಕ್ಕನ ಮುಖ ನೋಡಿದ.

"ಪುಟ್ಟಾ, ಹೇಳು."

"ಕಚ್ಚಿಕೊಂಡಿತ್ತು ಅಕ್ಕಾ," ಎಂದ ಬಹಳ ಮೆಲ್ಲಗೆ. "ನಾನೇ ಬಿಡಿಸಿದೆ."

ಅದರ ಅರ್ಥ ತಲೆಗೆ ಇಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಇಳಿದ ಮೇಲೆ ಮೊದಲು ನೋಡಿದ್ದು ಬಾಗಿಲಾಚೆಯ ಕಾವಲಿನವನಿಗೆ ಕೇಳಿಸಿತೇನೋ ಎಂದು.

"ದಿನಾ ಸಂಜೆ ಅಜ್ಜ ಕಲಿಸ್ತಿದ್ರು. ನನಗೆ, ಇನ್ನೂ ಕೆಲವರಿಗೆ. ನುಡಿ ರಕ್ತದಲ್ಲಿ ಬರಲ್ಲ ಅಕ್ಕಾ. ಅವರ ಮಕ್ಕಳಿಗೆ ಮನೆಯಲ್ಲಿ ಬಾಗಿಲು ಹಾಕ್ಕೊಂಡು ಕಲಿಸ್ತಾರೆ, ನಮಗೆ ಕಲಿಸಲ್ಲ. ಅಷ್ಟೇ ಗುಟ್ಟು. ಇದನ್ನ ನಾನು ಹೇಳಿದ್ರೆ ನಾಲಿಗೆ ಹೋಗುತ್ತೆ. ಹೇಳದೇ ಇದ್ರೆ ಕುತ್ತಿಗೆ."

ಹೊರಗೆ ಬಂದಾಗ ಅವಳು ಅಳುತ್ತಿರಲಿಲ್ಲ. ಅಳುವಿಗೂ ಸ್ವಲ್ಪ ಧೈರ್ಯ ಬೇಕು. "ಆ ಕಡೆ ಹುಲಿ, ಈ ಕಡೆ ದರಿ," ಎಂದಳು. "ಇದರಲ್ಲಿ ದಾರಿ ಎಲ್ಲಿದೆ ಅಯ್ಯಾ?"

"ಕೊಂದವನಿಗೂ ಅದೇ ಹುಲಿ, ಅದೇ ದರಿ," ಎಂದರು ಗೊಗ್ಗರಯ್ಯ. "ನಾನು ಏನು ಹೇಳಿದ್ರೂ ಹಾಗೇ ಹೇಳು, ತಂಗಿ. ಮಧ್ಯದಲ್ಲಿ ನಿಲ್ಲಿಸಬೇಡ."

ವಿಚಾರಣೆ ಕುಲುಮೆಮನೆಯಲ್ಲಿ ನಡೆಯಿತು. ಅದಕ್ಕೆ ಅಂಗಳದ ಕಡೆ ಗೋಡೆಯಿಲ್ಲ, ಕಂಬಗಳು ಮಾತ್ರ. ಈ ಜಾಗವೇ ಬೇಕೆಂದು ಗೊಗ್ಗರಯ್ಯ ಯಾಕೆ ಹಟ ಹಿಡಿದರೋ ಅವಳಿಗೆ ಆಗ ತಿಳಿಯಲಿಲ್ಲ. ಬೀದಿಯ ಜನ ಅಂಗಳದ ತುಂಬ ನಿಂತಿದ್ದರು. ಅವರ ಸುತ್ತ ಈಟಿ ಹಿಡಿದ ಕಾವಲಿನವರು. ಕೋಟೆಯಮ್ಮ ಎತ್ತರದ ಕುರ್ಚಿಯಲ್ಲಿ ಕೂತಿದ್ದಳು. ನರೆತ ಕೂದಲು, ಸಣ್ಣ ಬಾಯಿ, ಎಲ್ಲರನ್ನೂ ನೋಡಿಯೂ ನೋಡದಂಥ ಕಣ್ಣು. ಅವಳ ಮುಂದೆ ಮೇಜಿನ ಮೇಲೆ ಗೊಳವೆ, ಪಕ್ಕದಲ್ಲಿ ಅಜ್ಜನ ಕೋಣೆಯಿಂದ ತಂದಿಟ್ಟ ನೀಲಿ ದೀಪ.

"ಬೇಗ ಮುಗಿಸಿ," ಎಂದಳು ಕೋಟೆಯಮ್ಮ.

ಗೊಗ್ಗರಯ್ಯ ದರ್ಜಿಯಮ್ಮನ ಕಿವಿಯಲ್ಲಿ ಹೇಳಿದರು. ಅವಳು ಬಾಯಿ ತೆರೆದಳು. ಮೊದಲ ಸಲ ದನಿಯೇ ಬರಲಿಲ್ಲ. ಎರಡನೆಯ ಸಲ ಬಂತು.

"ಚಿಕ್ಕೊಡೆಯರು ಕಂಡದ್ದನ್ನ ಇನ್ನೊಂದು ಸಲ ಹೇಳಬೇಕಂತೆ."

"ಎಷ್ಟು ಸಲ ಹೇಳಿದ್ರೂ ಅದೇ," ಎಂದ ಚಿಕ್ಕೊಡೆಯ. "ಬೀದಿ ದೀಪ ಆರಿತು. ಮಾವನಿಗೆ ಏನಾಯ್ತೋ ಅಂತ ಜಗುಲಿಗೆ ಓಡಿದೆ. ಕಿಟಕಿಯಿಂದ ನೋಡಿದೆ. ದೀಪದ ಬೆಳಕಲ್ಲಿ ಸ್ಪಷ್ಟವಾಗಿ ಕಾಣ್ತು. ಇವನು ಗೊಳವೆ ಹಿಡಿದು ಮಾವನ ಮೇಲೆ ಬಗ್ಗಿದ್ದ. ಮಾವ ತಾನೇ ಒಳಗೆ ಕರೆದು ಬಾಗಿಲು ಕಚ್ಚಿಸಿರಬೇಕು. ನಾನು ಬಿಡಿಸಿ ಒಳಗೆ ಹೋದೆ, ಕಾವಲಿನವರು ನನ್ನ ಹಿಂದೆ ಬಂದರು."

ಗುಡಿಸುವ ಅಜ್ಜಿಯನ್ನು ಕರೆಸಿದರು. ಬೀದಿ ಕತ್ತಲಾದಾಗಲೂ ಅಜ್ಜನ ಕಿಟಕಿಯಲ್ಲಿ ಬೆಳಕಿತ್ತೆಂದು ಅವಳು ನಡುಗುತ್ತಲೇ ಹೇಳಿದಳು. ಕೋಟೆಯಮ್ಮ ಕೈಬೀಸಿ, ಇದು ಲೆಕ್ಕಕ್ಕಿಲ್ಲ ಎಂದಳು. ಆದರೆ ಕೋಟೆಯ ಉಪ್ಪು ತಿನ್ನುವ ಕಾವಲಿನ ಮುಖಂಡನ ಮಾತು ಲೆಕ್ಕಕ್ಕೆ ಬರುತ್ತಿತ್ತು. ತಾವು ಒಳಗೆ ಹೋದಾಗ ಈ ನೀಲಿ ದೀಪ ಆಗಲೇ ಉರಿಯುತ್ತಿತ್ತು, ಆಮೇಲೆ ಅದನ್ನು ಯಾರೂ ಮುಟ್ಟಿಲ್ಲ ಎಂದು ಅವನೂ ಹೇಳಿದ.

ಗೊಗ್ಗರಯ್ಯ ನಿಧಾನವಾಗಿ ಪಿಸುಗುಟ್ಟತೊಡಗಿದರು. ದರ್ಜಿಯಮ್ಮ ಮೇಜಿನ ಮೇಲಿನ ದೀಪದ ಮೇಲೆ ಕಣ್ಣು ನೆಟ್ಟು ಒಂದೊಂದೇ ಮಾತು ಹೇಳಿದಳು.

"ಅಜ್ಜ ಹಚ್ಚಿದ ದೀಪಗಳೆಲ್ಲ ಅಜ್ಜ ಸತ್ತ ಗಳಿಗೆಯಲ್ಲೇ ಆರಿದವು. ಅವರ ಕೋಣೆಯ ದೀಪವನ್ನೂ ದಿನಾ ಅವರೇ ಹಚ್ಚುತ್ತಿದ್ದದ್ದು, ಅದೂ ಆರಬೇಕಿತ್ತು. ಆರಿತ್ತು ಕೂಡ. ಆದರೆ ಚಿಕ್ಕೊಡೆಯರು ಕಿಟಕಿಯಿಂದ ನೋಡಿದಾಗ ಒಳಗೆ ಬೆಳಕಿತ್ತು ಅಂತ ಅವರೇ ಹೇಳ್ತಾರೆ. ಇವತ್ತಿಗೂ ಇದು ಉರೀತಾ ಇದೆ. ಅಂದ್ರೆ ಇದನ್ನ ಹಚ್ಚಿದವರು ಇನ್ನೂ ಬದುಕಿದ್ದಾರೆ. ಅಜ್ಜ ಸತ್ತ ಗಳಿಗೆಯಲ್ಲಿ ಆ ಕೋಣೆಯಲ್ಲಿ ನುಡಿ ಬಲ್ಲ ಇನ್ನೊಬ್ಬರಿದ್ದರು."

ಕೋಟೆಯಮ್ಮ ಮೊದಲ ಸಲ ಮುಂದಕ್ಕೆ ಬಾಗಿದಳು.

"ಕೊಂದವರು ಯಾಕೆ ದೀಪ ಹಚ್ಚಬೇಕು?" ಎಂದು ಕೇಳಿದಳು.

"ಹೆದರಿಕೆಗೆ," ಎಂದಳು ದರ್ಜಿಯಮ್ಮ. ಅದನ್ನು ಗೊಗ್ಗರಯ್ಯ ಹೇಳಿದರೋ ತಾನೇ ಹೇಳಿದಳೋ ಅವಳಿಗೆ ಗೊತ್ತಾಗಲಿಲ್ಲ. ಆಮೇಲಿನದು ಅವರದೇ. "ಏಟು ಬಿತ್ತು, ಅಜ್ಜ ಸತ್ತರು, ಅವರ ದೀಪ ಆರಿತು. ಕೊಂದವರು ಹೆಣದ ಜೊತೆ ಕತ್ತಲಲ್ಲಿ ನಿಂತಿದ್ದರು. ಹುಟ್ಟಿದಂದಿನಿಂದ ಕತ್ತಲನ್ನೇ ನೋಡದವರು. ಏನೂ ಯೋಚಿಸದೆ ನುಡಿ ಬಾಯಿಗೆ ಬಂತು, ದೀಪ ಹತ್ತಿತು. ಬಾಗಿಲು ಹುಡುಕಿ ಹೊರಗೆ ಬಂದು ಕಚ್ಚಿಸಿದರು. ಈ ದೀಪ ತನ್ನ ಕತೆ ಹೇಳುತ್ತೆ ಅಂತ ಅವರಿಗೆ ಹೊಳೆಯಲೇ ಇಲ್ಲ."

ಅಜ್ಜನ ಮಗಳನ್ನು ಮುಂದೆ ಕರೆದರು. ಅವಳು ಬುರುಡೆಯ ಬಾಯಿಗೆ ಬಗ್ಗಿ ಆರಿಸುನುಡಿ ಹೇಳಿದಳು. ದೀಪ ಅಲುಗಲಿಲ್ಲ.

"ಕಾರ್ಖಾನೆಯಲ್ಲಿ ಇನ್ನುಳಿದ ನುಡಿವಂತರು ಒಬ್ಬರೇ," ಎಂದಳು ದರ್ಜಿಯಮ್ಮ.

ಚಿಕ್ಕೊಡೆಯ ನಕ್ಕ. ನಗು ಅರ್ಧಕ್ಕೇ ನಿಂತಿತು. ಎಲ್ಲರ ಕಣ್ಣೂ ತನ್ನ ಮೇಲಿರುವುದನ್ನು ಕಂಡ. ನಾಲಿಗೆಯಿಂದ ತುಟಿ ಸವರಿಕೊಂಡು, ಕೈದಿಯ ಕಡೆ ಬೆರಳು ಮಾಡಿದ.

"ಅದನ್ನ ಹಚ್ಚಿದ್ದು ಅವನು. ಮಾವ ಅವನಿಗೆ ನುಡಿ ಕಲಿಸ್ತಿದ್ರು. ದಿನಾ ಸಂಜೆ. ಬಾಗಿಲ ಹೊರಗೆ ನಿಂತು ನಾನೇ ಕೇಳಿದ್ದೀನಿ."

ಯಾರೋ ಉಸಿರೆಳೆದುಕೊಂಡದ್ದು ಅಂಗಳದಾಚೆಯ ತನಕ ಕೇಳಿತು. ಕೋಟೆಯಮ್ಮನ ಮುಖ ಬಿಳಿಚಿತು. ದರ್ಜಿಯಮ್ಮ ತಮ್ಮನ ಬಾಯಿಯ ಕಡೆ ನೋಡಿದಳು. ಮುಗಿಯಿತು, ಇಲ್ಲಿಗೆ ಮುಗಿಯಿತು ಎಂದುಕೊಂಡಳು. ಆಗ ಗೊಗ್ಗರಯ್ಯ ಕಿವಿಯಲ್ಲಿ ಹೇಳಿದ ಮಾತು ಇನ್ನೂ ಭಯಂಕರವಾಗಿತ್ತು. ಅವಳು ತಲೆಯಾಡಿಸಿದಳು. ಅವರು ಮತ್ತೆ ಹೇಳಿದರು.

"ನನ್ನ ತಮ್ಮ," ಎಂದಳು ಕೊನೆಗೆ, "ನನ್ನ ತಮ್ಮನೂ ಬಂದು ಆ ನುಡಿ ಹೇಳಲಿ. ಚಿಕ್ಕೊಡೆಯರೇ ಹೇಳಿಕೊಡಲಿ. ಹಚ್ಚಿದವನು ಅವನಾದರೆ ಆರುತ್ತೆ."

ಚಿಕ್ಕೊಡೆಯ ನುಡಿಯನ್ನು ದೂರದಿಂದಲೇ ಉಚ್ಚರಿಸಿದ. ತಮ್ಮ ಬೇಡಿಯ ಕೈಗಳನ್ನು ಮೇಜಿನ ಮೇಲಿಟ್ಟು, ಬುರುಡೆಗೆ ತುಟಿಯಿಟ್ಟು, ಅದನ್ನೇ ನೆಟ್ಟಗೆ ಹೇಳಿದ. ದರ್ಜಿಯಮ್ಮ ದೀಪ ನೋಡಲಾರದೆ ಕೋಟೆಯಮ್ಮನ ಉಂಗುರಗಳನ್ನು ನೋಡುತ್ತ ನಿಂತಳು. ಆ ಉಂಗುರಗಳ ಮೇಲಿನ ನೀಲಿ ಬೆಳಕು ಹಾಗೇ ಇತ್ತು.

ಆಮೇಲೆ ಗೊಗ್ಗರಯ್ಯ ತಾವೇ ಗೊಳವೆ ಎತ್ತಿದರು. "ಅಜ್ಜನ ಕೂದಲು ಅಂಟಿರೋದು ಊದುವ ತುದಿಗೆ," ಎಂದು ಅವರ ಮಾತು ಅವಳ ಬಾಯಲ್ಲಿ ಬಂತು. "ಅಂದ್ರೆ ಹೊಡೆದವರು ಹಿಡಿದಿದ್ದು ಕುಲುಮೆಯ ತುದಿ. ಆ ತುದಿ ಸುಡುತ್ತೆ, ಕೊಯ್ಯುತ್ತೆ. ಊದುವವನ ಕೈ ನಿದ್ದೆಯಲ್ಲೂ ಅಲ್ಲಿಗೆ ಹೋಗಲ್ಲ. ಕೋಪದಲ್ಲಿ ಗೊತ್ತಿಲ್ಲದೆ ಹಿಡಿದವರ ಅಂಗೈಯನ್ನ ಈ ಹಕ್ಕಳೆ ಕೊಯ್ದಿದೆ, ರಕ್ತ ಇಲ್ಲೇ ಇದೆ. ನನ್ನ ತಮ್ಮನ ಅಂಗೈ ಎಲ್ಲರೂ ನೋಡಬಹುದು. ಬೆಳಿಗ್ಗೆಯಿಂದ ಎಡಗೈಯಲ್ಲೇ ನೀರು ಕುಡೀತಿರೋ ಚಿಕ್ಕೊಡೆಯರು ಬಲಗೈಯ ಗವಸು ತೆಗೀಲಿ."

"ತೆಗಿ," ಎಂದಳು ಕೋಟೆಯಮ್ಮ.

ಅವನು ತೆಗೆಯಲಿಲ್ಲ. ಕಾವಲಿನ ಮುಖಂಡ ತೆಗೆದ. ಅಂಗೈಯ ಅಡ್ಡಕ್ಕೆ ಬಾಯಿಬಿಟ್ಟ ಗಾಯವಿತ್ತು.

"ಇನ್ನು ಆರಿಸು."

ಚಿಕ್ಕೊಡೆಯ ದೀಪದ ಹತ್ತಿರ ಬಂದ. ಆಮೇಲೆ, ಮಗುವೊಂದು ಪಾಠ ಒಪ್ಪಿಸಿದ ಹಾಗೆ, ನುಡಿ ಹೇಳಿದ. ನೀಲಿ ಬೆಳಕು ನಂದಿತು.

"ನಾನು ಹೋಗಿದ್ದು ಬುದ್ಧಿ ಹೇಳೋಕೆ," ಎಂದ. "ಗೊಳವೆ ಹೆದರಿಸೋಕೆ ತಗೊಂಡಿದ್ದೆ. ಎಲ್ಲರಿಗೂ ಕಲಿಸ್ತೀನಿ, ಬೀದಿಯಲ್ಲೇ ನಿಂತು ಕಲಿಸ್ತೀನಿ ಅಂದ್ರು ಮಾವ. ಎಲ್ಲರಿಗೂ ಬಂದುಬಿಟ್ರೆ ನಾವು ಯಾರು? ನೀವಾದ್ರೂ ಹೇಳಿ ಅಮ್ಮ, ಆಮೇಲೆ ನಾವು ಯಾರು?"

ಕೋಟೆಯಮ್ಮ ಅವನನ್ನು ಎಳೆದೊಯ್ಯುವಂತೆ ಸನ್ನೆ ಮಾಡಿ, ಅಂಗಳದ ಕಡೆ ತಿರುಗಿದಳು. "ಹುಚ್ಚನ ಮಾತು. ಬರಿನಾಲಿಗೆಯವನು ಹೇಳಿದಾಗ ದೀಪ ಆರಲಿಲ್ಲ, ನೀವೇ ನೋಡಿದ್ದೀರಿ."

"ನಾನು ಹೇಳಿದಾಗಲೂ ಆರಲಿಲ್ಲ," ಎಂದಳು ಅಜ್ಜನ ಮಗಳು. ದನಿ ಒಡೆದಿತ್ತು. "ಅಪ್ಪ ಕಲಿಸ್ತಿದ್ದದ್ದು ನಿಜ. ನಾನು ಬೇಡ ಅಂತ ಜಗಳ ಆಡಿದ್ದೆ, ಹೀಗಾಗುತ್ತೆ ಅಂತಲೇ. ನಾನೂ ಹುಟ್ಟುವಾಗ ನುಡಿ ತಂದಿರಲಿಲ್ಲ. ನನಗೂ ಅಪ್ಪನೇ ಕಲಿಸಿದ್ದು."

ಈಟಿಗಳು ಅಂಗಳದ ಕಡೆಗೆ ಬಾಗಿದವು. ಕೋಟೆಯಮ್ಮ ಎದ್ದು ನಿಂತಳು. "ಇಲ್ಲಿ ಒಂದು ಕೊಲೆಯ ವಿಚಾರಣೆ ನಡೆಯಿತು. ಕೊಲೆಗಾರ ಸಿಕ್ಕಿದ. ಅದನ್ನು ಬಿಟ್ಟು ಬೇರೇನನ್ನೂ ಯಾರೂ ಕೇಳಿಸಿಕೊಂಡಿಲ್ಲ. ಹಾಗಂತ ಒಬ್ಬೊಬ್ಬರೂ ನನ್ನ ಮುಂದೆ ಹೇಳಿ ಮನೆಗೆ ಹೋಗಿ. ಹೇಳದವರು ಮನೆಗೆ ಹೋಗಲ್ಲ." ಅವಳ ಕಣ್ಣು ದರ್ಜಿಯಮ್ಮನ ಮೇಲೆ ನಿಂತಿತು. "ಮೊದಲು ನೀನು. ಏನಾದರೂ ಕೇಳಿಸಿತಾ?"

ಗೊಗ್ಗರಯ್ಯ ಈ ಸಲ ಕಿವಿಯಲ್ಲಿ ಏನೂ ಹೇಳಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದರು. ಗೋಡೆಯಿಲ್ಲದ ಈ ಜಾಗವನ್ನೇ ಅವರು ಕೇಳಿದ್ದು ಬೀದಿಗೆಲ್ಲ ಕೇಳಿಸಲೆಂದು ಎನ್ನುವುದು ಅವಳಿಗೆ ಈಗ ತಿಳಿಯಿತು. ತಮ್ಮನ ಬೇಡಿ ಇನ್ನೂ ಬಿಚ್ಚಿರಲಿಲ್ಲ. ಇಲ್ಲ ಅಂದರೆ ಅವನನ್ನು ಕರೆದುಕೊಂಡು ಮನೆಗೆ ಹೋಗಬಹುದಿತ್ತು. ಎರಡಕ್ಷರದ ಮಾತು. ಜನ್ಮವಿಡೀ ಅವಳು ಹೇಳುತ್ತ ಬಂದದ್ದೇ ಅದು. ಹೆದರಿಕೆ ಎಷ್ಟಿತ್ತೆಂದರೆ, ಇದಕ್ಕಿಂತ ಹೆಚ್ಚು ಹೆದರಲು ಇನ್ನು ಜಾಗವೇ ಇಲ್ಲ ಎನಿಸಿತು.

"ಕೇಳಿಸ್ತು," ಎಂದಳು.

ಈಟಿಯೊಂದು ಅವಳ ಕಡೆ ತಿರುಗಿತು.

"ನಂಗೂ ಕೇಳಿಸ್ತವ್ವ," ಎಂದಳು ಗುಡಿಸುವ ಅಜ್ಜಿ. "ಕಿವಿ ಮಂದ ನಂಗೆ. ಆದ್ರೂ ಕೇಳಿಸ್ತು."

ಆಮೇಲೆ ಅಂಗಳದಿಂದ ಒಂದು ದನಿ, ಇನ್ನೊಂದು ದನಿ. ಕೂಗಾಟವಿರಲಿಲ್ಲ. ಹೆದರಿದ ಜನ ಹೆದರಿಕೊಂಡೇ, ತಲೆ ತಗ್ಗಿಸಿಕೊಂಡೇ ಹೇಳುತ್ತ ಹೋದರು. ಕೊನೆಗೆ ಮೇಸ್ತ್ರಿಯೂ ಹೇಳಿದ. ಕೋಟೆಯಮ್ಮ ಕಾವಲಿನ ಮುಖಂಡನ ಕಡೆ ತಿರುಗಿದಳು. ಅವನೂ ಕೆಳಗಿನ ಬೀದಿಯಲ್ಲಿ ಹುಟ್ಟಿದವನೇ; ಅವನ ಮಗ ಕುಲುಮೆಯ ಬಾಯಲ್ಲಿ ಕೆಲಸಕ್ಕಿದ್ದ.

"ನಿನಗೆ?"

ಅವನು ಸೊಂಟದಿಂದ ಬೀಗದ ಕೈ ತೆಗೆದು ಕೈದಿಯ ಬೇಡಿ ಬಿಚ್ಚಿದ, ಅದು ತನ್ನ ಕೆಲಸದ ಭಾಗವೆಂಬಂತೆ. ಈಟಿಗಳು ಒಂದೊಂದಾಗಿ ಮೇಲಕ್ಕೆದ್ದು ನೆಟ್ಟಗಾದವು. ಕೋಟೆಯಮ್ಮ ಅದನ್ನು ನೋಡಿದಳು. ಎಷ್ಟು ಜನರ ನಾಲಿಗೆ ಕತ್ತರಿಸಬೇಕು, ಕತ್ತರಿಸುವವರು ಯಾರು ಎಂದು ಅವಳ ಮನಸ್ಸು ಲೆಕ್ಕ ಹಾಕಿದ್ದು ಮುಖದ ಮೇಲೇ ಕಂಡಿತು. ಪಲ್ಲಕ್ಕಿಗೆ ಕಾಯದೆ ಗುಡ್ಡದ ದಾರಿ ಹಿಡಿದಳು. ಕೋಟೆಯ ಬಾಗಿಲು ಮುಚ್ಚಿಕೊಂಡ ಸದ್ದು ಕೆಳಗಿನ ತನಕ ಬಂತು.

ಮರುದಿನವೂ ಅದು ತೆರೆಯಲಿಲ್ಲ. ಅವರು ಸುಮ್ಮನಿರುವವರಲ್ಲ, ಇಂದಲ್ಲ ನಾಳೆ ಇಳಿದು ಬರುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ದರ್ಜಿಯಮ್ಮ ಬೆಳಿಗ್ಗೆ ಅಂಗಡಿಯ ಪರದೆ ಸರಿಸಿದಾಗ ಹೊಸ್ತಿಲಲ್ಲಿ ಹತ್ತಾರು ಜನ ನಿಂತಿದ್ದರು. ಹಿಂಬಾಗಿಲಿನಿಂದ ಓಡಿದ್ದ ಗಿರಾಕಿಗಳಿಬ್ಬರೂ ಅವರಲ್ಲಿದ್ದರು. ಒಬ್ಬರ ಕೈಯಲ್ಲೂ ಬಟ್ಟೆಯಿರಲಿಲ್ಲ.

"ಹೊಲಿಸೋಕೆ ಬಂದಿಲ್ಲ ಅಕ್ಕಾ," ಎಂದ ಒಬ್ಬ. "ನಿನ್ನ ತಮ್ಮ ಇದ್ದಾನಾ?"

ಅವಳು ಬೀದಿಯ ಎರಡೂ ಕಡೆ ನೋಡಿದಳು.

"ಇದ್ದಾನೆ," ಎಂದಳು. "ಒಳಗೆ ಬನ್ನಿ. ನಾನೂ ನಿಮ್ಮ ಜೊತೆ ಕಲಿಯೋಕೆ ಕೂರ್ತೀನಿ."